ಬೀಜದ ಚಿನ್ನ

ನಮ್ಮೂರಿನ ಹತ್ತಿರ ಚಿನ್ನದ ಗಣಿ ಇತ್ತು ಎಂದರೆ ಕೇಳಿದವರ ಕಣ್ಣು ತಕ್ಷಣ ನನ್ನ ಕತ್ತಿನ ಕಡೆ, ಕೈಬಳೆಯ ಕಡೆ ಹೋಗುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಗಣಿ ಎಂದರೆ ಅದೊಂದು ತೂತು. ಬೇಗೂರಿಗೂ ಗುಂಡ್ಲುಪೇಟೆಗೂ ನಡುವೆ ಬಸ್ಸಿನಿಂದ ಇಳಿದು, ಹುರುಳಿ ಹೊಲಗಳ ಬದುವಿನ ಮೇಲೆ ಮುಕ್ಕಾಲು ಗಂಟೆ ನಡೆದರೆ ಒಂದು ಬೋಳುಗುಡ್ಡ ಸಿಗುತ್ತಿತ್ತು. ಗುಡ್ಡದ ಪಕ್ಕೆಯಲ್ಲಿ ಮುಳ್ಳುತಂತಿ ಸುತ್ತಿದ ಬಾವಿಯಂಥ ಒಂದು ಬಾಯಿ, ಅದರ ಪಕ್ಕದಲ್ಲಿ ಸೂರಿಲ್ಲದ ಇಂಜಿನ್ ಮನೆ. ಅಷ್ಟೇ. ನಮ್ಮಪ್ಪ ಅದರ ಕಾವಲುಗಾರ. ಸಂಬಳ ನಿಂತು ಎಷ್ಟೋ ವರ್ಷವಾದ ಮೇಲೂ ದಿನಾ ಬೆಳಿಗ್ಗೆ ಕೋಲು ಹಿಡಿದು ಹೋಗಿ ಆ ತೂತನ್ನು ನೋಡಿಕೊಂಡು ಬರುತ್ತಿದ್ದ.

ಅವನ ಬಗ್ಗೆ ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಅವನು ಎಲ್ಲರಿಗಿಂತ ಕೊನೆಗೆ ಉಣ್ಣುವವನು. ಮನೆಯಲ್ಲಿ ಇದ್ದದ್ದೇ ನಾವು ಮೂರು ಜನ. ಆದರೂ ಅವ್ವನದಾಗಿ, ನನ್ನದಾಗಿ, ನಾಯಿಗೆ ಹಾಕಿ, ಆಮೇಲೆ ತಟ್ಟೆಯ ಮುಂದೆ ಕೂರುತ್ತಿದ್ದ. ಮದುವೆಮನೆಗಳಲ್ಲಂತೂ ಕೊನೆಯ ಪಂಕ್ತಿ ಬಿಟ್ಟು ಕೂತದ್ದೇ ಇಲ್ಲ. ಅಷ್ಟು ಹೊತ್ತಿಗೆ ಪಾಯಸದ ಪಾತ್ರೆ ತಳ ಕಂಡಿರುತ್ತಿತ್ತು. ಅವನಿಗೆ ಅಂಟಿಕೊಂಡೇ ಇರುತ್ತಿದ್ದ ನನಗೆ ಚಿಕ್ಕಂದಿನಲ್ಲಿ ಇದೇ ದೊಡ್ಡ ದುಃಖ. 'ದೊಡ್ಡಸ್ತಿಕೆ ತೋರ್ಸಕ್ಕೇ ನೀನು ಹಿಂಗಾಡೋದು' ಎಂದು ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಹೇಳಿಯೂಬಿಟ್ಟಿದ್ದೆ. ಅಪ್ಪ ನಕ್ಕುಬಿಟ್ಟ.

ತೊಂಬತ್ತರ ದಶಕದ ಮೊದಲ ಭಾಗ ಅದು. ನಾವಿನ್ನೂ ಮೈಸೂರು ಜಿಲ್ಲೆಯವರು. ನಾನು ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಶಿಲೆಗಳಲ್ಲಿ ಮೂರು ವಿಧ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಬಾಯಲ್ಲಿ ಹತ್ತು ಸಲ ಹೇಳಿಸಿ, ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಕಲ್ಲು ಗೊತ್ತಿದ್ದದ್ದು ಅಪ್ಪನಿಗೆ. ಗುಡ್ಡದಲ್ಲಿ ಅವನ ಜೊತೆ ನಡೆದರೆ ಒಂದು ಕಲ್ಲೆತ್ತಿ ನಾಲಿಗೆಯಿಂದ ನೆಕ್ಕಿ ಬಿಸಿಲಿಗೆ ಹಿಡಿಯುತ್ತಿದ್ದ. ಒದ್ದೆಯಾದರೇ ಕಲ್ಲು ತನ್ನ ಬಣ್ಣ ಬಿಟ್ಟುಕೊಡುವುದು. ಗುಡ್ಡದ ಮೈಯೆಲ್ಲ ಕಪ್ಪುಹಸಿರು ಪದರುಗಲ್ಲು, ಉಗುರಿನಲ್ಲಿ ಕೆರೆದರೆ ಹಳೆಯ ರೊಟ್ಟಿಯ ಹಾಗೆ ಪದರು ಪದರಾಗಿ ಏಳುವಂಥದ್ದು. ಅದರೊಳಗೆ ಅಲ್ಲಲ್ಲಿ ಬಿಳೀ ಬೆಣಚುಕಲ್ಲಿನ ಎಳೆಗಳು. ಯಾವುದೋ ಕಾಲದಲ್ಲಿ ನೆಲ ಸೀಳಿ, ಆಳದಿಂದ ಬಿಸಿನೀರು ಮೇಲೆ ನುಗ್ಗಿ, ಆರುತ್ತಾ ಆರುತ್ತಾ ಸೀಳಿನಲ್ಲೇ ಬೆಣಚಾಗಿ ಕೂತಿತು, ಬರುವಾಗ ಚೂರು ಚಿನ್ನವನ್ನೂ ತಂದಿತು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅಪ್ಪ ಇಷ್ಟುದ್ದ ಹೇಳುತ್ತಿರಲಿಲ್ಲ. 'ಬೆಳ್ಳಗಿರೋ ಬೆಣಚು ಬಂಜೆ ಕಣಮ್ಮಿ. ತುಕ್ಕಿನ ಕರೆ ಇರೋದ ನೋಡು' ಎನ್ನುತ್ತಿದ್ದ. ಕಾಗೆಬಂಗಾರ ಕಂಡು ಚಿನ್ನವೆಂದು ಹಿಗ್ಗಿದ ನನಗೆ ಏಳನೇ ವಯಸ್ಸಿನಲ್ಲೇ ಅವನು ಎರಡರ ವ್ಯತ್ಯಾಸ ತೋರಿಸಿದ್ದ. ಸುತ್ತಿಗೆಯಲ್ಲಿ ಕುಟ್ಟಿದರೆ ಕಾಗೆಬಂಗಾರ ಪುಡಿಯಾಗುತ್ತದೆ, ಚಿನ್ನ ಚಪ್ಪಟೆಯಾಗುತ್ತದೆ.

ಆ ಗುಡ್ಡವನ್ನು ಮೊದಲು ಅಗೆದವರು ಯಾರೋ ಗೊತ್ತಿಲ್ಲ. ಬಂಡೆಗೆ ಬೆಂಕಿ ಇಟ್ಟು, ಕಾದ ಮೇಲೆ ನೀರು ಹೊಯ್ದು ಸಿಡಿಸಿ, ಎಳೆಯ ಹಿಂದೆ ಇಲಿಗಳ ಹಾಗೆ ಹೋದವರು. ಅವರು ಕಲ್ಲು ಕುಟ್ಟಿದ ಗುಣಿಗಳು ಬಂಡೆಯ ಮೇಲೆ ಇನ್ನೂ ಇವೆ, ಮಳೆ ಬಂದರೆ ಅದರಲ್ಲಿ ನೀರು ನಿಂತು ಹಕ್ಕಿಗಳು ಕುಡಿಯುತ್ತವೆ. ಆಮೇಲೆ ಪರಂಗಿಯವರ ಒಂದು ಕಂಪನಿ ಬಂತು. ನೆಟ್ಟಗೆ ಬಾವಿ ಇಳಿಸಿ, ಒಂದರ ಕೆಳಗೊಂದು ಮೂರು ಮಜಲು ಅಡ್ಡ ಸುರಂಗ ತೋಡಿ, ಇಂಜಿನ್ ಕೂರಿಸಿತು. ಮೂರನೇ ಮಜಲಿನಲ್ಲಿ ಬೆಣಚಿನ ಎಳೆ ಕತ್ತರಿಸಿದ ಹಾಗೆ ನಿಂತುಹೋಯಿತು. ಆಚೆ ಬರೀ ಕಪ್ಪುಕಲ್ಲು. ಎಳೆ ಎತ್ತ ಜರುಗಿದೆಯೋ ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ, ಇಂಜಿನ್ ಬಿಚ್ಚಿಕೊಂಡು ಹೊರಟುಹೋದರು.

ಅಪ್ಪನ ಹರೆಯದಲ್ಲಿ ಒಬ್ಬ ಕಂಟ್ರಾಕ್ಟರು ಅದನ್ನು ಮತ್ತೆ ತೆರೆದ. ಅಪ್ಪನೂ ಅವನ ಅಣ್ಣನೂ, ಎಂದರೆ ನನ್ನ ದೊಡ್ಡಪ್ಪ, ಅಲ್ಲಿ ಕೂಲಿಗೆ ಸೇರಿದರು. ಒಂದು ದಿನ ಮಧ್ಯಾಹ್ನ ಮೂರನೇ ಮಜಲಿನ ಗೋಡೆ ಒಡೆದು, ಪಕ್ಕದ ಹಳೆಯ ಗುಂಡಿಯಲ್ಲಿ ಯಾವ ಕಾಲದಿಂದಲೋ ನಿಂತಿದ್ದ ನೀರು ಒಳನುಗ್ಗಿತು. ಅಪ್ಪ ಮೇಲಿದ್ದ. ದೊಡ್ಡಪ್ಪ ಕೆಳಗಿದ್ದ. ಕಂಟ್ರಾಕ್ಟರು ಆ ವಾರವೇ ಅಪ್ಪನನ್ನು ಕಾವಲಿಗಿಟ್ಟು ಗಂಟುಮೂಟೆ ಕಟ್ಟಿದ. ನೀರನ್ನು ಯಾರೂ ತೆಗೆಯಲಿಲ್ಲ, ದೊಡ್ಡಪ್ಪನನ್ನೂ ತೆಗೆಯಲಿಲ್ಲ.

ನಮ್ಮ ಕಡೆ ಮಾರ್ಲಮಿ ಹಬ್ಬದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ನಮ್ಮ ಮನೆಯಲ್ಲಿ ತಾತನಿಗೆ, ಅಜ್ಜಿಗೆ ಎಲೆ ಹಾಕುತ್ತಿದ್ದರು. ದೊಡ್ಡಪ್ಪನಿಗೆ ಹಾಕುತ್ತಿರಲಿಲ್ಲ. 'ಮೇಲಕ್ಕೆ ತಂದು ಮಣ್ಣು ಮಾಡ್ದೆ ಎಂಗೆ ಎಡೆ ಇಡದು? ಮೊದ್ಲು ಅವನ್ನ ತರನ' ಎನ್ನುತ್ತಿದ್ದ ಅಪ್ಪ. ಅವನು ಕಾಯುತ್ತಿದ್ದದ್ದು ಗಣಿಯನ್ನಲ್ಲ, ಅಣ್ಣನನ್ನು. ಯಾರಾದರೂ ಚಿನ್ನದ ಆಸೆಗೆ ಮತ್ತೆ ಬರಬೇಕು, ನೀರು ಹೊರಗೆ ಹಾಕಬೇಕು, ಅಣ್ಣನ ನಾಲ್ಕು ಮೂಳೆ ಮೇಲೆ ಬರಬೇಕು. ಇಷ್ಟೇ ಅವನ ಲೆಕ್ಕ.

ಕೊನೆಗೂ ಒಂದು ಬೇಸಿಗೆಯಲ್ಲಿ ಜೀಪು ಬಂತು. ಎಲ್ಲಿಯವರು, ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ತಂಡದ ಮುಖ್ಯಸ್ಥ ನನ್ನ ವಯಸ್ಸಿನ ಒಬ್ಬ ಭೂವಿಜ್ಞಾನಿ, ಮೈಸೂರು ಕಡೆಯವನೇ. ಊರಿನವರು ಕಲ್ಲುಸಾಹೇಬ ಎಂದು ಹೆಸರಿಟ್ಟರು. ಅಪ್ಪನನ್ನು 'ಯಜಮಾನ್ರೇ' ಎಂದು ಕರೆಯುತ್ತಿದ್ದ, ಅಪ್ಪ ಕಲ್ಲು ನೆಕ್ಕುವುದನ್ನು ನೋಡಿ ತಾನೂ ನೆಕ್ಕಿ ತೋರಿಸಿದ. 'ನಮ್ಮ ಕಾಲೇಜಲ್ಲೂ ಇದನ್ನೇ ಹೇಳ್ಕೊಟ್ಟಿದ್ದು' ಎಂದ. ಅಪ್ಪ ಆವತ್ತಿನಿಂದ ಅವನ ನೆರಳಾದ. ನನಗೆ ಬೇಸಿಗೆ ರಜೆ ಇತ್ತು. ಮಜ್ಜಿಗೆ ತೆಗೆದುಕೊಂಡು ಹೋಗುವ ನೆಪದಲ್ಲಿ ನಾನೂ ಅಲ್ಲೇ ಇರುತ್ತಿದ್ದೆ.

ಅವ್ವನ ಮರಿಗೆಯ ಸುದ್ದಿ ಅವನಿಗೆ ಹೇಳಿದ್ದು ನಾನೇ. ಅವ್ವ ಜಾಲಗಾರರ ಮನೆಯ ಮಗಳು. ಹಳ್ಳದ ಮರಳನ್ನೂ ಕುಟ್ಟಿದ ಕಲ್ಲನ್ನೂ ಮರದ ಮರಿಗೆಯಲ್ಲಿ ಜಾಲಿಸಿ ಚಿನ್ನದ ಪುಡಿ ತೆಗೆಯುವುದು ಅವರ ಕಸುಬು. ಮದುವೆಯಾದ ಮೇಲೆ ಅವ್ವ ಆ ಕೆಲಸ ಮುಟ್ಟಿರಲಿಲ್ಲ. ತವರಿನಿಂದ ತಂದ ಮರಿಗೆ ಮಾತ್ರ ಅಟ್ಟದ ಮೇಲಿತ್ತು. ಅದರ ಒಂದು ತುದಿಯಲ್ಲಿ ಬೆರಳಿನ ತುದಿಯಷ್ಟು ಗುಣಿ, ಗುಣಿಯಲ್ಲಿ ಜೇನುಮೇಣ, ಮೇಣದಲ್ಲಿ ಒಂದು ಚಿನ್ನದ ಕಣ. ಅದನ್ನು ಬೀಜ ಎನ್ನುತ್ತಿದ್ದರು. ಬೀಜವಿಲ್ಲದ ಮರಿಗೆಗೆ ಚಿನ್ನ ಬರುವುದಿಲ್ಲವೆಂದು ಅವರ ನಂಬಿಕೆ. ಜಾಲಿಸುವ ಮೊದಲು ಹೆಬ್ಬೆರಳಿನಿಂದ ಮೇಣ ಉಜ್ಜಿ ಬೀಜವನ್ನು ನೀರಿಗೆ ಬಿಡಬೇಕು, ಕೊನೆಯಲ್ಲಿ ಕರಿಮರಳು ಉಳಿದಾಗ ಮೊದಲು ಬೀಜವನ್ನು ಆರಿಸಿ ಮೇಣಕ್ಕೆ ಸೇರಿಸಿ, ಮಿಕ್ಕದ್ದನ್ನು ಆಮೇಲೆ ನೋಡಬೇಕು. ನಮ್ಮನೆಯ ಬೀಜ ಒಡೆದ ಎಳ್ಳುಕಾಳಿನಂತೆ ಚಪ್ಪಟೆಯಾಗಿತ್ತು, ಒಂದು ಅಂಚಿನಲ್ಲಿ ಸಣ್ಣ ಕಚ್ಚು ಇತ್ತು.

ಕಲ್ಲುಸಾಹೇಬ ಕುತೂಹಲದಿಂದ, 'ಅಮ್ಮ, ಒಂದ್ಸಲ ಜಾಲಿಸಿ ತೋರಿಸಿ' ಎಂದ. ಗಣಿಯ ಬಾಯಿಯ ಹತ್ತಿರದ ತುಕ್ಕುಬೆಣಚನ್ನು ಕುಟ್ಟಿಸಿ ಪುಡಿ ಮಾಡಿಸಿದ. ಅವ್ವ ಸೆರಗು ಸಿಕ್ಕಿಸಿ, ನೀರಿನ ಡ್ರಮ್ಮಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ. ಮರಿಗೆಯನ್ನು ಅವಳು ತೂಗಿದಂತೆ ಮಣ್ಣು ತೇಲಿ ಹೋಯಿತು, ಮರಳು ಸರಿಯಿತು, ಕೊನೆಗೆ ಒಂದು ಚಿಟಿಕೆ ಕರಿಮರಳು, ಅದರ ತುದಿಯಲ್ಲಿ ಹಳದಿಯ ಒಂದು ಚುಕ್ಕೆ. ಅವ್ವನ ಬೆರಳು ಅದರ ಹತ್ತಿರ ಹೋಗುವಷ್ಟರಲ್ಲಿ ಕಲ್ಲುಸಾಹೇಬ ಚಿಮಟದಲ್ಲಿ ಅದನ್ನೆತ್ತಿ ಗಾಜಿನ ಕೊಳವೆಗೆ ಹಾಕಿ ಬಿರಡೆ ಮುಚ್ಚಿದ. 'ಕಣ್ಣಿಗೆ ಕಾಣೋ ಚಿನ್ನ! ಯಜಮಾನ್ರೇ, ಇದು ಸಾಕು. ನೀರು ತೆಗ್ಸಕ್ಕೆ ನಾನು ಇವತ್ತೇ ಬರೀತೀನಿ' ಎಂದು ಅಪ್ಪನ ಎರಡೂ ಕೈ ಹಿಡಿದುಕೊಂಡ.

ನಾನು ಅವ್ವನ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು. ಅವಳು ಅಪ್ಪನನ್ನು ನೋಡಿದಳು. ಅಪ್ಪ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ, ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಅವ್ವ ಬಾಯಿ ಮುಚ್ಚಿಕೊಂಡಳು. ಮನೆಗೆ ಬಂದು ನಾನು ಮರಿಗೆ ತಿರುಗಿಸಿ ನೋಡಿದೆ. ಗುಣಿ ಖಾಲಿ.

ಮಾರನೆಯ ದಿನ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅಪ್ಪ ಗಡ್ಡ ಹೆರೆಸಿಕೊಂಡು, ತೊಳೆದ ಪಂಚೆ ಉಟ್ಟು ಗಣಿಗೆ ಹೊರಟಿದ್ದ. ಹೇಳಲಿಲ್ಲ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಡಮ್ಮು ನಾನು. ಅವ್ವನ ಜೊತೆಯೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಕಳ್ಳರಂತೆ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ಎರಡು ವಾರದ ಮಟ್ಟಿಗೆ ನೀರು ತೆಗೆಯಲು ಒಪ್ಪಿಗೆ ಬಂತು. ಗುಂಡ್ಲುಪೇಟೆಯ ಮೋಟಾರು ಮೇಸ್ತ್ರಿಯೊಬ್ಬರು, ವಯಸ್ಸಾದ ಸಾಬರು, ಜನರೇಟರನ್ನು ಲಾರಿಯಲ್ಲಿ ತಂದು ಮೇಲೆ ಕೂರಿಸಿ, ಮುಳುಗುವ ಮೋಟಾರನ್ನು ಕೆಳಗಿಳಿಸಿದರು. ಕೆಂಪು ನೀರು ಹುರುಳಿ ಹೊಲದ ಕಾಲುವೆಗೆ ಹರಿಯತೊಡಗಿತು. ಅಪ್ಪ ಒಂದು ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಗಂಟೆಗೊಮ್ಮೆ ಇಳಿಬಿಟ್ಟು ನೋಡುತ್ತಿದ್ದ. ಮೊದಲ ಮಜಲು ನಾಲ್ಕು ದಿನಕ್ಕೆ ಕಂಡಿತು. ಎರಡನೆಯದು ಕಾಣಲು ಇನ್ನೂ ಆರು ದಿನ ಬೇಕಾಯಿತು. ಅದರಿಂದ ಕೆಳಕ್ಕೆ ಹೋಗುವ ಕಬ್ಬಿಣದ ಏಣಿಯ ತಲೆ ನೀರಿನಿಂದ ಮೇಲೆ ಬಂದ ದಿನ ಅಪ್ಪ ತಂತಿಯ ಹತ್ತಿರ ಕುಸಿದು ಕೂತ. ನಾನು ಮಜ್ಜಿಗೆ ಚೊಂಬು ಮುಂದೆ ಹಿಡಿದೆ. ಮುಟ್ಟಲಿಲ್ಲ.

'ಆವತ್ತು ಮೊದ್ಲು ಉಣ್ಣಕ್ಕೆ ಓಗೋ ಸರದಿ ಅಣ್ಣಂದು' ಎಂದ. ನನ್ನ ಕಡೆ ನೋಡಲಿಲ್ಲ. 'ನಂಗೆ ಒಟ್ಟೆ ಅಸಿತಾ ಇತ್ತು. ತಡಿಯಕ್ಕಾಯ್ತಿಲ್ಲ ಅಂದೆ. ಓಗ್ಲಾ, ನೀನೇ ಉಂಡ್ಕಂಡು ಬಾ, ಆಮ್ಯಾಕೆ ನಾನು ಓಯ್ತೀನಿ ಅಂದ. ಈ ಏಣಿ ಅತ್ತೇ ಬಂದೆ ಕಣಮ್ಮಿ. ಮುದ್ದೆ ಮುರ್ದು ಬಾಯ್ಗಿಟ್ಟಿದ್ದೆ, ಕೆಳ್ಗೆ ಸದ್ದಾಯ್ತು.'

ಪಾಯಸಕ್ಕಾಗಿ ನಾನು ಆಡಿದ್ದ ಮಾತು ನೆನಪಾಯಿತು. ನೆಲ ಬಾಯಿಬಿಟ್ಟು ನನ್ನನ್ನೂ ನುಂಗಬಾರದೆ ಎನ್ನಿಸಿತು. ಆಗಲಾದರೂ ಬೀಜದ ವಿಷಯ ಹೇಳಬಹುದಿತ್ತು. ಇನ್ನೂ ನಾಲ್ಕು ದಿನ ಹೋದರೆ ಮೂರನೇ ಮಜಲು ಕಾಣುತ್ತದೆ, ಆಮೇಲೆ ಏನಾದರೂ ಆಗಲಿ ಎಂದುಕೊಂಡು ಹಲ್ಲು ಕಚ್ಚಿದೆ.

ಎರಡು ದಿನಕ್ಕೇ ಜೀಪು ಬಂತು. ಕಲ್ಲುಸಾಹೇಬನ ಮುಖ ಬಾಡಿತ್ತು. ಮೊದಲ ಮಜಲಿನಿಂದ ಕಳಿಸಿದ್ದ ಕಲ್ಲುಗಳಲ್ಲಿ ಹೇಳಿಕೊಳ್ಳುವಂಥ ಚಿನ್ನವಿಲ್ಲವೆಂದು ಪ್ರಯೋಗಶಾಲೆಯಿಂದ ವರದಿ ಬಂದಿತ್ತು. ಅದಕ್ಕಿಂತ ಕೆಟ್ಟದ್ದು ಅವನ ಜೇಬಿನಲ್ಲಿತ್ತು. ಗಾಜಿನ ಕೊಳವೆ ತೆಗೆದು ಎಲ್ಲರ ಮುಂದೆ ಹಿಡಿದ. 'ಇದು ಈ ಕಲ್ಲಿಂದ ಬಂದದ್ದಲ್ಲ. ಅಂಚೆಲ್ಲ ಸವೆದಿದೆ, ಮೇಣ ಮೆತ್ತಿದೆ. ಯಾರೋ ಹಾಕಿದ್ದಾರೆ. ಯಾರು?'

ಊರಿನ ಹತ್ತಾರು ಜನ ನಿಂತಿದ್ದರು. ಅವ್ವ ಒಂದು ಹೆಜ್ಜೆ ಮುಂದಿಟ್ಟಳು. ಅವಳಿಗಿಂತ ಮೊದಲು ಅಪ್ಪ ಬಾಯಿಬಿಟ್ಟ.

'ನಾನೇ ಸಾ. ನೀರು ತಗಿಸ್ಬೇಕು ಅಂತ ನಾನೇ ಆಕ್ಬುಟ್ಟೆ.'

'ನಿಮ್ಮನ್ನ ನಂಬಿದ್ದೆ ಯಜಮಾನ್ರೇ' ಎಂದ ಕಲ್ಲುಸಾಹೇಬ. ಬೈದಿದ್ದರೆ ಚೆನ್ನಾಗಿತ್ತು. ಕೊಳವೆಯನ್ನು ಅಪ್ಪನ ಕೈಗಿಟ್ಟು, ಮೋಟಾರು ನಿಲ್ಲಿಸಿ ಎಂದು ಹೇಳಿ ಜೀಪು ಹತ್ತಿದ. ಹಳ್ಳಿಗರ ಮರಿಗೆ ನಂಬಿ ಮೋಟಾರು ತರಿಸಿದ ಎಂದು ಅವನಿಗೂ ಮೇಲಿನವರಿಂದ ಮಂಗಳಾರತಿಯಾಗಿತ್ತೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಬಾಯಿ ಮಾಡುತ್ತಿದ್ದ ನಾನು ಅಲ್ಲಿ ಕಲ್ಲಿನಂತೆ ನಿಂತಿದ್ದೆ. ನನ್ನ ಜೀವನದಲ್ಲಿ ನಾನು ಅತ್ಯಂತ ನಾಚಿಕೆಪಡುವ ಗಳಿಗೆ ಅದು.

ಜನ ಚದುರಿದರು. ಸಾಬರು ಮಾತ್ರ ಜನರೇಟರಿನ ಪಕ್ಕ ಕೂತೇ ಇದ್ದರು, ನಿಲ್ಲಿಸಿರಲಿಲ್ಲ. 'ಟ್ಯಾಂಕಲ್ಲಿ ಡೀಸೆಲ್ ಐತೆ' ಎಂದರು ಅಪ್ಪನಿಗೆ. 'ಅದು ಖಾಲಿ ಆಗೋವರ್ಗೂ ಓಡ್ಲಿ. ವಾಪಸ್ ಹೊತ್ಕೊಂಡು ಹೋಗಿ ಏನ್ ಮಾಡ್ಲಿ ನಾನು?' ಅಪ್ಪ ಹಗ್ಗ ಹಿಡಿದು ಕೂತ. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಬಂದವು, ತುಕ್ಕು ಹಿಡಿದು, ಪಾಚಿ ಜೋತು. ಸೂರ್ಯ ಇಳಿಯುವ ಹೊತ್ತಿಗೆ ಜನರೇಟರು ಎರಡು ಸಲ ಕೆಮ್ಮಿ ನಿಂತಿತು. ಮೂರನೇ ಮಜಲಿಗೆ ಹಗ್ಗದಲ್ಲಿ ಇನ್ನೂ ಎರಡು ಗಂಟು ಉಳಿದಿತ್ತು. ನಾವು ನೋಡುತ್ತಿದ್ದ ಹಾಗೆಯೇ ಕೊನೆಯ ಮೆಟ್ಟಿಲು ಮತ್ತೆ ನೀರೊಳಗೆ ಹೋಯಿತು.

ಅಪ್ಪನಿಗೆ 'ಚಿನ್ನ ಬಿತ್ತಿದೋನು' ಎಂದು ಹೆಸರು ಬಿತ್ತು. ಬೇಗೂರಿನ ಟೀ ಅಂಗಡಿಯವರೆಗೂ ಹೋಯಿತು ಆ ಹೆಸರು. ನನ್ನ ಶಾಲೆಯಲ್ಲೂ ಒಬ್ಬ ಮೇಷ್ಟ್ರು, 'ಏನ್ ಮೇಡಂ, ಈ ಸಲ ನಿಮ್ಮಪ್ಪಂಗೆ ಬೆಳೆ ಹೆಂಗೆ?' ಎಂದು ಹಲ್ಲು ಕಿರಿದ. ಡಸ್ಟರು ಎತ್ತಿಕೊಂಡೆ, ಎಸೆಯಲಿಲ್ಲ. ಯಾವ ಬಾಯಲ್ಲಿ ಜಗಳ ಆಡಲಿ?

ಮಾರ್ಲಮಿಗೆ ಎರಡು ದಿನ ಇರುವಾಗ ಅವ್ವ ಅಪ್ಪನ ಮುಂದೆ ಅತ್ತುಬಿಟ್ಟಳು. 'ನಾನು ಬೇಕಂತ ಮಾಡ್ನಿಲ್ಲ, ಬೀಜ ಬುಡೋದು ಕೈಗೆ ಬಂದ್ಬುಡ್ತು. ಆಮ್ಯಾಕೆ ನಿನ್ ಮಕ ನೋಡಿ ಏಳಕ್ಕಾಗ್ನಿಲ್ಲ' ಎಂದಳು. ನಂಗೂ ಗೊತ್ತಿತ್ತಪ್ಪ ಎಂದೆ ನಾನು. ಅಪ್ಪ ಸೌದೆ ಸೀಳುತ್ತಿದ್ದ, ಕೊಡಲಿ ಕೆಳಗಿಟ್ಟ.

'ಆ ಕಚ್ಚು ನಾನು ನೋಡಿಲ್ವ? ಮದ್ವೆ ಆದಾಗಿಂದ ನೋಡ್ತಾ ಇವ್ನಿ. ಗಾಜ್ನೊಳಗೆ ಕಂಡ್ ತಕ್ಷಣ ಗೊತ್ತಾಯ್ತು' ಎಂದ. 'ಸಾಯೇಬ್ರಿಗೆ ಏಳ್ಬೇಕು ಅಂತ್ಲೇ ಬಾಯಿ ತಗ್ದೆ. ನೀರು ತಗಿಸ್ತೀನಿ ಅಂದ್ಬುಟ್ರು. ಮುಚ್ಕಂಡೆ. ಅದ್ಕೇ ನಾನೇ ಅಂತ ಒಪ್ಕಂಡಿದ್ದು. ಸುಳ್ಳೇನಲ್ಲ.'

ಆವತ್ತು ಬಿಸಿಲಿಗೆ ಕೊಳವೆ ಹಿಡಿದಾಗ ಇಳಿದ ಕಣ್ಣೀರನ್ನು ನಾವು ಸಂತೋಷದ್ದು ಅಂದುಕೊಂಡಿದ್ದೆವು. ನನ್ನಪ್ಪ ಅದುವರೆಗೆ ಯಾರಿಗೂ ಒಂದು ಸುಳ್ಳು ಹೇಳಿದವನಲ್ಲ.

ಅವ್ವ ಬೀಜವನ್ನು ಕೊಳವೆಯಿಂದ ತೆಗೆದು ಮೇಣಕ್ಕೆ ಒತ್ತಿ ಮರಿಗೆಯನ್ನು ಅಟ್ಟಕ್ಕೆ ಹಾಕಿದಳು. ಆಮೇಲೆ ಅದನ್ನು ಯಾರೂ ಇಳಿಸಲಿಲ್ಲ.

ಹಬ್ಬದ ದಿನ ಅಪ್ಪ ಮೂರು ಎಲೆ ತಂದ. ಎರಡು ಮನೆಯಲ್ಲಿ ಹಾಕಿದೆವು. ಮೂರನೆಯದನ್ನು ತೊಳೆದು ಮಡಚಿ, 'ಅಡ್ಗೆ ತಕ್ಕಂಡು ಬನ್ನಿ, ಓಗನ' ಎಂದ. ಗಣಿಯ ಬಾಯಿಯ ಹತ್ತಿರ, ಹಳಬರು ಕಲ್ಲು ಕುಟ್ಟಿದ್ದ ಬಂಡೆಯ ಮೇಲೆ ನೀರು ಚಿಮುಕಿಸಿ ಎಲೆ ಹಾಸಿದ. ಅವ್ವ ಬಡಿಸಲು ಹೋದರೆ ಬಿಡಲಿಲ್ಲ, ತಾನೇ ಬಡಿಸಿದ. ಬಿಸಿ ಮುದ್ದೆ, ಉಪ್ಸಾರು, ಅವರೆಕಾಳಿನ ಪಲ್ಯ, ಒಬ್ಬಟ್ಟು. ಚೊಂಬಿನಲ್ಲಿ ನೀರಿಟ್ಟ. ಆಮೇಲೆ ಮುಳ್ಳುತಂತಿ ಹಿಡಿದು ಆ ತೂತಿನೊಳಕ್ಕೆ ಬಗ್ಗಿ, ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವ ಹಾಗೆ ಕರೆದ.

'ಅಣ್ಣಾ, ತರಕ್ಕಾಗ್ನಿಲ್ಲ ಕಣಣ್ಣ. ಈಗ ನಿನ್ ಸರದಿ. ನೀನು ಉಣ್ಣು, ನಾನಿಲ್ಲೇ ಇರ್ತೀನಿ.'

ಇಂಜಿನ್ ಮನೆಯ ಗೋಡೆಯ ಮರೆಗೆ ಹೋಗಿ ಮೂವರೂ ಕೂತೆವು. ಎಡೆ ಇಟ್ಟ ಮೇಲೆ ಹತ್ತು ನಿಮಿಷ ಕೂರುವುದು ವಾಡಿಕೆ. ಬಿಸಿಲು ಗೋಡೆಯ ಮೇಲಿಂದ ಜಾರಿ ನಮ್ಮ ಕಾಲಿಗೆ ಬಂತು, ಕಾಲಿನಿಂದ ಹೊಲಕ್ಕೆ ಹೋಯಿತು. ಅವ್ವ ಎರಡು ಸಲ, ಸಾಕು ಏಳು ಎಂದಳು. ಅಪ್ಪ ಏಳಲಿಲ್ಲ.

'ಇರಮ್ಮಿ' ಎಂದ. 'ತುಂಬ ವರ್ಸದ ಅಸಿವು. ನಿಧಾನಕ್ಕೆ ಉಣ್ಲಿ.'